ಜೂನಿಯರ್ ಕಾಲೇಜಿನ ಎರಡು ವರ್ಷ ಲೆಕ್ಕಕ್ಕಿದೆಯಾ ಇಲ್ವಾ? ಸಾಫ್ಟ್‌ಬಾಲ್ ಹುಡುಗಿಯರ ಟ್ರಾನ್ಸ್‌ಫರ್ ಗೊಂದಲ

"ಜೂನಿಯರ್ ಕಾಲೇಜಲ್ಲಿ ಆಡಿದ ವರ್ಷಗಳು ಇನ್ಮುಂದೆ ಲೆಕ್ಕಕ್ಕಿಲ್ಲ", ಅಂದ್ರೆ ಕಾಲೇಜು ಆಟಗಾರರಿಗಿರೋ ನಾಲ್ಕು ಸೀಸನ್ ಮಿತಿಯಲ್ಲಿ ಅವು ಸೇರಲ್ಲ, ಅನ್ನೋ ಸುದ್ದಿ 2024ರ ಡಿಸೆಂಬರ್‌ನಿಂದ ಅಮೆರಿಕದಲ್ಲಿ ಸುತ್ತಾಡ್ತಾನೇ ಇದೆ. ಅದರ ಹಿಂದೆಯೇ 2025ರ ಜೂನ್‌ನಲ್ಲಿ ಇನ್ನೊಂದು ಸುದ್ದಿ ಬಂತು, ಸ್ಕಾಲರ್‌ಶಿಪ್ ಮಿತಿ ತೆಗೆದು ಹಾಕಿದ್ರು, ಸಾಫ್ಟ್‌ಬಾಲ್ (ಬೇಸ್‌ಬಾಲ್ ಥರದ ಆಟ) ಟೀಮಿಗೆ 25 ಜನ ಅಂತ ಗೆರೆ ಎಳೆದ್ರು ಅಂತ. ಎರಡನ್ನೂ ಒಟ್ಟಿಗೆ ಓದಿದ ಮನೆಯವರಿಗೆ ತಲೆ ಕೆಟ್ಟುಹೋಗೋದು ಸಹಜ. ಬಾಗಿಲು ತೆರೀತಾ ಮುಚ್ಚಿತಾ? ಎರಡು ವರ್ಷ ಜೂನಿಯರ್ ಕಾಲೇಜಲ್ಲಿ ಪಿಚಿಂಗ್ (ಚೆಂಡು ಎಸೆಯೋದು) ಮಾಡಿ ಈಗ ನಾಲ್ಕು ವರ್ಷದ ಕಾಲೇಜಿಗೆ ಹೋಗ್ಬೇಕು ಅಂತಿರೋ ಹುಡುಗಿಗೆ ಇದರಿಂದ ಲಾಭವಾ ನಷ್ಟವಾ? ಇದನ್ನ ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು, ಯಾಕಂದ್ರೆ ಕೋರ್ಟಿನ ಸುದ್ದಿ ದೊಡ್ಡದಾಗಿ ಕಾಣ್ತಿದ್ರೂ ಹುಡುಗಿ ನಿಜವಾಗಿ ಸಿಕ್ಕಿಹಾಕಿಕೊಳ್ಳೋದು ಬೇರೆ ಜಾಗದಲ್ಲಿ.

ನಮ್ಮ ಜೂನಿಯರ್ ಕಾಲೇಜ್ ಬೇರೆ, ಅವರದ್ದು ಬೇರೆ

ಕರ್ನಾಟಕದಲ್ಲಿ ಜೂನಿಯರ್ ಕಾಲೇಜು ಅಂದ್ರೆ ಪಿಯುಸಿ. ಅಮೆರಿಕದಲ್ಲಿ ಹನ್ನೆರಡನೇ ಕ್ಲಾಸು ಮುಗಿದ ಮೇಲೆ ಸೇರೋ ಎರಡು ವರ್ಷದ ಕಾಲೇಜು, ಕಮ್ಯುನಿಟಿ ಕಾಲೇಜು ಅಂತಲೂ ಕರೀತಾರೆ, ಆಟದವರ ಬಾಯಲ್ಲಿ ಜೂಕೋ. ಅಲ್ಲಿ ಎರಡು ವರ್ಷ ಓದಿ, ಆ ಕ್ರೆಡಿಟ್‌ಗಳನ್ನ ಹೊತ್ಕೊಂಡು ನಾಲ್ಕು ವರ್ಷದ ಕಾಲೇಜಿನ ಮೂರನೇ ವರ್ಷಕ್ಕೆ ಸೇರಬಹುದು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗ್ತಾರಲ್ಲ, ಹೆಚ್ಚುಕಡಿಮೆ ಅದೇ ಥರದ ಏಣಿ. ವ್ಯತ್ಯಾಸ ಏನಂದ್ರೆ ಇಲ್ಲಿ ಒಂದು ಪರೀಕ್ಷೆ, ಒಂದು ರ‍್ಯಾಂಕು. ಅಲ್ಲಿ ಒಂದೊಂದು ವಿಷಯದ ಒಂದೊಂದು ಕ್ರೆಡಿಟನ್ನೂ ಹೊಸ ಕಾಲೇಜು ಒಪ್ಪತ್ತೋ ಇಲ್ವೋ ಅಂತ ನೋಡ್ತಾರೆ. ಈ ಮಾತು ಮುಂದೆ ಬರತ್ತೆ, ನೆನಪಿಟ್ಕೊಳ್ಳಿ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರೋ ಕನ್ನಡದ ಮನೆಗಳಿಗೆ ಡಿ ಆನ್ಜಾ, ಫುಟ್‌ಹಿಲ್ ಹೆಸರು ಹೊಸದಲ್ಲ. ಅಲ್ಲಿಂದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಟ್ರಾನ್ಸ್‌ಫರ್ ಆಗೋದು ಖರ್ಚು ಉಳಿಸೋ ದಾರಿ ಅಂತ ಎಲ್ಲರಿಗೂ ಗೊತ್ತು. ಆದ್ರೆ ಓದಿಗೆ ಮಾತ್ರ ಟ್ರಾನ್ಸ್‌ಫರ್ ಆಗೋದಕ್ಕೂ, ಆಟದ ಜೊತೆ ಟ್ರಾನ್ಸ್‌ಫರ್ ಆಗೋದಕ್ಕೂ ನಿಯಮ ಒಂದೇ ಅಲ್ಲ. ಅಡ್ಮಿಷನ್ ಸಿಕ್ಕಿದ ಮಾತ್ರಕ್ಕೆ ಟೀಮಲ್ಲಿ ಜಾಗ ಇದೆ ಅಂತಲ್ಲ, ಟೀಮಲ್ಲಿ ಜಾಗ ಸಿಕ್ಕಿದ ಮಾತ್ರಕ್ಕೆ ಮೊದಲ ಮ್ಯಾಚ್ ಆಡಬಹುದು ಅಂತಲೂ ಅಲ್ಲ.

ಈ ದಾರಿ ಹಿಡಿಯೋದು ಯಾಕೆ

ನಾಲ್ಕು ವರ್ಷದ ಕಾಲೇಜುಗಳ ಆಟ ನಡೆಸೋ ದೊಡ್ಡ ಸಂಸ್ಥೆ ಎನ್‌ಸಿಎಎ, ಅದರ ಎಲ್ಲಕ್ಕಿಂತ ಮೇಲಿನ ಹಂತ ಡಿವಿಷನ್ ಒಂದು. ಅಲ್ಲಿನ ಸಾಫ್ಟ್‌ಬಾಲ್ ಕೋಚ್‌ಗಳು ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರಿಂದ ಹುಡುಗಿಯರ ಜೊತೆ ನೇರವಾಗಿ ಮಾತಾಡಬಹುದು. ಆ ದಿನ ಬಂತು ಅಂದ್ರೆ ಫೋನ್ ಮೇಲೆ ಫೋನ್, ಎಷ್ಟೋ ಸೀಟು ಆಗಲೇ ಮಾತಾಗಿಬಿಡತ್ತೆ. ಹದಿನಾರಕ್ಕೆ ಗಂಟೆಗೆ 58 ಮೈಲಿ ಎಸೀತಿದ್ದೋಳು ಹದಿನೆಂಟಕ್ಕೆ 65 ಎಸೆಯೋಕೆ ಶುರು ಮಾಡಿದ್ರೆ ಅವಳನ್ನ ನೋಡೋಕೆ ಯಾರೂ ಉಳಿದಿರಲ್ಲ. ಪಿಚರ್ ನಿಲ್ಲೋದು ಬ್ಯಾಟ್ಸ್‌ಮನ್‌ನಿಂದ 43 ಅಡಿ ದೂರ ಅಷ್ಟೇ, ಆ ಏಳು ಮೈಲಿ ವ್ಯತ್ಯಾಸ ಅಂದ್ರೆ ಬೇರೆಯದೇ ಆಟಗಾರ್ತಿ. ಭುಜ ನೋವು ಮಾಡಿಕೊಂಡು ಒಂದು ಸೀಸನ್ ಕಳಕೊಂಡವರು, ಹೈಸ್ಕೂಲಲ್ಲಿ ಮಾರ್ಕ್ಸ್ ಕಡಿಮೆ ಬಂದವರು, ನಾಲ್ಕು ವರ್ಷದ ಫೀಸು ಕಟ್ಟೋಕಾಗದ ಮನೆಯವರು, ಇವರೆಲ್ಲರಿಗೂ ಜೂಕೋ ಎರಡನೇ ಅವಕಾಶ.

ದುಡ್ಡಿನ ಲೆಕ್ಕವೂ ಇದೆ. ಎನ್‌ಜೆಸಿಎಎ ಅನ್ನೋ ಸಂಸ್ಥೆ 1938ರಿಂದ ಈ ಎರಡು ವರ್ಷದ ಕಾಲೇಜುಗಳ ಆಟ ನಡೆಸ್ತಿದೆ. ಅದರ ಡಿವಿಷನ್ ಒಂದರಲ್ಲಿ ಫೀಸು, ಪುಸ್ತಕ, ಊಟ ವಸತಿ ಎಲ್ಲಾ ಸೇರಿ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು, ಎರಡರಲ್ಲಿ ಫೀಸು ಪುಸ್ತಕದಷ್ಟು, ಮೂರರಲ್ಲಿ ಆಟಕ್ಕೆ ಅಂತ ಏನೂ ಇಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು ಈ ಸಂಸ್ಥೆಯಲ್ಲೇ ಇಲ್ಲ, ಅವರದ್ದೇ ಬೇರೆ ವ್ಯವಸ್ಥೆ, ಅಲ್ಲಿ ಆಟದ ಸ್ಕಾಲರ್‌ಶಿಪ್ ಕೊಡೋ ಹಾಗಿಲ್ಲ. ಹಾಗಾಗಿ ಅರಿಜೋನಾದ ಹುಡುಗಿಯ ಲೆಕ್ಕಾಚಾರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಹುಡುಗಿಗೆ ಹೊಂದಲ್ಲ.

ಪಾವಿಯಾ ಕೇಸು: ಕೋರ್ಟು ಹೇಳಿದ್ದೇನು

ಡಿಯಾಗೋ ಪಾವಿಯಾ ಅಂತ ಒಬ್ಬ ಅಮೆರಿಕನ್ ಫುಟ್‌ಬಾಲ್ ಕ್ವಾರ್ಟರ್‌ಬ್ಯಾಕ್, ಅಂದ್ರೆ ಟೀಮಿನ ದಾಳಿ ನಡೆಸೋ ಆಟಗಾರ. ನ್ಯೂ ಮೆಕ್ಸಿಕೋ ಮಿಲಿಟರಿ ಇನ್‌ಸ್ಟಿಟ್ಯೂಟ್ ಅನ್ನೋ ಜೂನಿಯರ್ ಕಾಲೇಜಲ್ಲಿ ಆಡಿ, ಆಮೇಲೆ ನ್ಯೂ ಮೆಕ್ಸಿಕೋ ಸ್ಟೇಟ್, ಅಲ್ಲಿಂದ 2024ಕ್ಕೆ ವ್ಯಾಂಡರ್‌ಬಿಲ್ಟ್. ಎನ್‌ಸಿಎಎ ಡಿವಿಷನ್ ಒಂದರ ನಿಯಮ ಏನಂದ್ರೆ ಐದು ವರ್ಷದೊಳಗೆ ನಾಲ್ಕು ಸೀಸನ್. ಈ ನಾಲ್ಕರಲ್ಲಿ ಜೂಕೋದಲ್ಲಿ ಆಡಿದ ಸೀಸನ್ನೂ ಸೇರತ್ತೆ. ಪಾವಿಯಾ ಕೇಳಿದ್ದು ಸರಳ ಪ್ರಶ್ನೆ: ಜೂಕೋ ಎನ್‌ಸಿಎಎ ಸದಸ್ಯ ಅಲ್ಲ, ಅಲ್ಲಿ ಟಿವಿ ಇಲ್ಲ, ಜಾಹೀರಾತಿನ ದುಡ್ಡು ಇಲ್ಲ, ಹಾಗಿರೋವಾಗ ಅಲ್ಲಿ ಆಡಿದ್ದನ್ನ ಇಲ್ಲಿ ಕಳೆಯೋದು ಯಾವ ನ್ಯಾಯ? ಇದು ಸಂಪಾದನೆಯ ಅವಕಾಶಕ್ಕೆ ಅಡ್ಡಿ, ಅಂದ್ರೆ ಮುಕ್ತ ಪೈಪೋಟಿಗೆ ಅಡ್ಡಿ ಮಾಡೋದನ್ನ ತಡೆಯೋ 1890ರ ಶೆರ್ಮನ್ ಕಾಯ್ದೆಗೆ ವಿರುದ್ಧ ಅನ್ನೋದು ಅವನ ವಾದ. 2024ರ ಡಿಸೆಂಬರ್ 18ಕ್ಕೆ ಟೆನೆಸ್ಸಿಯ ಫೆಡರಲ್ ಜಡ್ಜ್ ವಿಲಿಯಂ ಕ್ಯಾಂಪ್‌ಬೆಲ್ ಅವನ ಪರವಾಗಿ ಮಧ್ಯಂತರ ಆದೇಶ ಕೊಟ್ರು.

ಎನ್‌ಸಿಎಎ ಕೂಡಾ ಸುಮ್ನೆ ಹಟ ಹಿಡಿದಿತ್ತು ಅಂತ ಹೇಳೋಕಾಗಲ್ಲ. ಅವರ ಮಾತು: ಕಾಲೇಜು ಆಟ ಅಂದ್ರೆ ಓದಿನ ಜೊತೆ ನಡೆಯೋ ಆಟ, ನಾಲ್ಕು ವರ್ಷದ ಡಿಗ್ರಿಗೆ ಸರಿಹೊಂದೋ ಹಾಗೆ ನಾಲ್ಕು ಸೀಸನ್. ಹಳಬರು ಜಾಗ ಬಿಡದಿದ್ರೆ ಹೈಸ್ಕೂಲಿಂದ ಬರೋ ಹೊಸಬರಿಗೆ ಜಾಗ ಎಲ್ಲಿ?

ಆದೇಶ ಬಂದ ಕೆಲವೇ ದಿನಕ್ಕೆ ಎನ್‌ಸಿಎಎ ಒಂದು ಸಾಮೂಹಿಕ ವಿನಾಯಿತಿ ಕೊಟ್ಟಿತು. ಇಲ್ಲೇ ಜನ ತಪ್ಪಾಗಿ ಓದಿಕೊಂಡಿದ್ದು. ಎನ್‌ಸಿಎಎ ಅಲ್ಲದ ಕಾಲೇಜಲ್ಲಿ ಒಂದಾದ್ರೂ ವರ್ಷ ಆಡಿದವರು, 2024-25ಕ್ಕೆ ಕೊನೆ ಸೀಸನ್ ಮುಗೀಬೇಕಿದ್ದವರು, ಉಳಿದ ಎಲ್ಲಾ ಷರತ್ತು ಪೂರೈಸಿದ್ರೆ 2025-26ರಲ್ಲಿ ಇನ್ನೊಂದು ಸೀಸನ್ ಆಡಬಹುದು. ಅಷ್ಟೇ. ನಿಯಮವನ್ನೇ ತೆಗೆದು ಹಾಕಿಲ್ಲ.

ಸಾಫ್ಟ್‌ಬಾಲಿಗೆ ಇಟ್ಟು ನೋಡಿ. 2021ರ ಆಗಸ್ಟ್‌ನಲ್ಲಿ ಜೂಕೋ ಸೇರಿದ ಹುಡುಗಿ 2022, 2023 ಅಲ್ಲಿ ಆಡಿದ್ಲು, 2024, 2025 ನಾಲ್ಕು ವರ್ಷದ ಕಾಲೇಜಲ್ಲಿ ಆಡಿದ್ಲು. ನಾಲ್ಕು ಮುಗೀತು. ಐದು ವರ್ಷದ ಗಡಿಯಾರದಲ್ಲಿ ಒಂದು ವರ್ಷ ಉಳಿದಿದೆ, ಹಾಗಾಗಿ ವಿನಾಯಿತಿಯಿಂದ 2026ರ ಸೀಸನ್ ಸಿಕ್ತು. ಅವಳ ತಂಗಿ ಒಂದು ವರ್ಷ ತಡವಾಗಿ, 2022ರಲ್ಲಿ ಜೂಕೋ ಸೇರಿದ್ಲು ಅಂದ್ಕೊಳ್ಳಿ. ಅವಳ ನಾಲ್ಕನೇ ಸೀಸನ್ 2026. ಆ ವಿನಾಯಿತಿಯ ಕಾಗದದಲ್ಲಿ ಅವಳಿಗೆ ಜಾಗ ಇಲ್ಲ. ಒಂದೇ ಮನೆ, ಒಂದೇ ದಾರಿ, ಒಂದು ವರ್ಷದ ಅಂತರ, ಇಷ್ಟು ವ್ಯತ್ಯಾಸ.

ಮೇಲ್ಮನವಿ ಕೋರ್ಟು ಇದನ್ನ ತೀರ್ಮಾನ ಮಾಡತ್ತೆ ಅಂತ ಎಲ್ಲಾ ಕಾದಿದ್ರು. 2025ರ ಅಕ್ಟೋಬರ್ 1ಕ್ಕೆ ಆರನೇ ಸರ್ಕ್ಯೂಟ್ ಕೋರ್ಟು, ಪಾವಿಯಾಗೆ ಬೇಕಾದ ಸೀಸನ್ ಹೇಗೂ ವಿನಾಯಿತಿಯಿಂದ ಸಿಕ್ಕಿದೆ, ಇನ್ನು ತೀರ್ಪು ಕೊಡೋಕೆ ಏನೂ ಉಳಿದಿಲ್ಲ ಅಂತ ಮೇಲ್ಮನವಿ ವಜಾ ಮಾಡ್ತು. ಅಂದ್ರೆ ನಿಯಮ ಸರಿಯಾ ತಪ್ಪಾ ಅನ್ನೋದಕ್ಕೆ ಅಲ್ಲಿ ಉತ್ತರ ಬರಲಿಲ್ಲ. ಬೇರೆ ಬೇರೆ ರಾಜ್ಯಗಳಲ್ಲಿ ಇಂಥದ್ದೇ ಎಷ್ಟೋ ಕೇಸು ಬಿದ್ದವು, ಕೆಲವು ಜಡ್ಜ್‌ಗಳು ಆಟಗಾರರ ಪರ, ಕೆಲವರು ಎನ್‌ಸಿಎಎ ಪರ. ಹಾಗಾಗಿ ಯಾರಾದ್ರೂ "ಕೋರ್ಟೇ ಹೇಳಿದೆ, ಜೂಕೋ ವರ್ಷ ಲೆಕ್ಕಕ್ಕಿಲ್ಲ" ಅಂದ್ರೆ ಅದನ್ನ ನಂಬಿ ಎರಡು ವರ್ಷದ ಪ್ಲಾನ್ ಮಾಡೋದು ಅಪಾಯ.

25 ಸೀಟಿನ ಗೆರೆ

ಈಗ ಎರಡನೇ ಸುದ್ದಿ. ಆಟಗಾರರು ದುಡ್ಡಿನ ಪಾಲಿಗಾಗಿ ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಅನ್ನೋ ಕೇಸಿನ ರಾಜಿಗೆ 2025ರ ಜೂನ್ 6ಕ್ಕೆ ಜಡ್ಜ್ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ರು. ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ತನಕ. ಇದಕ್ಕೆ ಒಪ್ಪಿ ಸೇರಿಕೊಂಡ ಕಾಲೇಜುಗಳಿಗೆ ಹಳೇ ಸ್ಕಾಲರ್‌ಶಿಪ್ ಮಿತಿ ಹೋಯ್ತು, ಅದರ ಬದಲು ಟೀಮಲ್ಲಿ ಇಷ್ಟೇ ಜನ ಇರಬೇಕು ಅನ್ನೋ ಮಿತಿ ಬಂತು. ಸಾಫ್ಟ್‌ಬಾಲಿಗೆ ಅದು 25.

ಮುಂಚೆ ಹೇಗಿತ್ತು ಅಂದ್ರೆ ಒಂದು ಟೀಮಿಗೆ 12 ಪೂರ್ತಿ ಸ್ಕಾಲರ್‌ಶಿಪ್, ಕೋಚ್ ಅದನ್ನ ತುಂಡು ಮಾಡಿ ಹಂಚ್ತಿದ್ರು, ಒಬ್ಬಳಿಗೆ ಅರ್ಧ, ಇನ್ನೊಬ್ಬಳಿಗೆ ಕಾಲು, ಮತ್ತೊಬ್ಬಳಿಗೆ ಪುಸ್ತಕದ ದುಡ್ಡು ಮಾತ್ರ. ಎಷ್ಟು ಜನ ಬೇಕಾದ್ರೂ ಇಟ್ಕೋಬಹುದಿತ್ತು. ಸ್ಕಾಲರ್‌ಶಿಪ್ ಇಲ್ಲದೇ ಟೀಮಿಗೆ ಸೇರಿ, ಬುಲ್‌ಪೆನ್‌ನಲ್ಲಿ (ಪಿಚರ್‌ಗಳು ಅಭ್ಯಾಸ ಮಾಡೋ ಜಾಗ) ಕ್ಯಾಚ್ ಹಿಡೀತಾ, ಒಂದು ವರ್ಷ ಕಾದು ಜಾಗ ಗಿಟ್ಟಿಸಿಕೊಂಡವರು ಎಷ್ಟೋ ಜನ. ಈಗ ಕಾಗದದ ಮೇಲೆ 25 ಜನಕ್ಕೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು, ದುಡ್ಡಿರೋ ದೊಡ್ಡ ಕಾಲೇಜಿಗೆ ಇದು ವರ. ಆದ್ರೆ 26ನೇ ಹುಡುಗಿ ತನ್ನ ಖರ್ಚಲ್ಲೇ ಬರ್ತೀನಿ ಅಂದ್ರೂ ಜಾಗ ಇಲ್ಲ. ಆ 26ನೇ ಹುಡುಗಿ ಬಹಳ ಸಲ ಜೂಕೋದಿಂದ ಬಂದೋಳೇ ಆಗಿರ್ತಿದ್ಲು.

ಇದು ಮೇಲಿಂದ ಕೆಳಗೆ ಇಳಿಯೋ ನೀರಿನ ಥರ. ದೊಡ್ಡ ಟೀಮಿಂದ ಹೊರಬಿದ್ದವರು ಟ್ರಾನ್ಸ್‌ಫರ್ ಪೋರ್ಟಲಿಗೆ (ಕಾಲೇಜು ಬದಲಾಯಿಸೋರು ಹೆಸರು ಹಾಕೋ ಆನ್‌ಲೈನ್ ಪಟ್ಟಿ) ಹೋಗಿ ಮಧ್ಯಮ ಕಾಲೇಜಿಗೆ ಬರ್ತಾರೆ, ಅಲ್ಲಿಂದ ಜಾಗ ಕಳಕೊಂಡವರು ಡಿವಿಷನ್ ಎರಡಕ್ಕೆ. ಪೋರ್ಟಲ್ 2018ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, 2024ರಿಂದ ಓದಿನಲ್ಲಿ ಸರಿಯಾಗಿದ್ರೆ ಎಷ್ಟು ಸಲ ಬೇಕಾದ್ರೂ ಕಾಲೇಜು ಬದಲಾಯಿಸಿ ತಕ್ಷಣ ಆಡಬಹುದು. ನೈಜಾರಿ ಕ್ಯಾನಡಿ ಅನ್ನೋ ಪಿಚರ್ 2024ರಲ್ಲಿ ಸ್ಟ್ಯಾನ್‌ಫರ್ಡ್ ಬಿಟ್ಟು ಹತ್ತು ಲಕ್ಷ ಡಾಲರ್‌ಗೂ ಮೇಲಿನ ಒಪ್ಪಂದಕ್ಕೆ ಟೆಕ್ಸಸ್ ಟೆಕ್ ಸೇರಿ, ಮರುವರ್ಷವೇ ಆ ಟೀಮನ್ನ ಒಕ್ಲಹೋಮಾ ಸಿಟಿಯಲ್ಲಿ ನಡೆಯೋ ರಾಷ್ಟ್ರಮಟ್ಟದ ಫೈನಲ್ ತನಕ ಎಳಕೊಂಡು ಹೋದ್ಲು. ಇದನ್ನ ನೋಡಿದ ಕೋಚ್‌ಗಳಿಗೆ ಒಂದು ವಿಷಯ ಮನವರಿಕೆ ಆಗಿದೆ, ಡಿವಿಷನ್ ಒಂದರಲ್ಲೇ ಪಳಗಿದ ಆಟಗಾರ್ತಿ ರೆಡಿ ಸಿಕ್ತಾಳೆ ಅಂತ. ಜೂಕೋ ಹುಡುಗಿಯರು ಆ ಪೋರ್ಟಲಲ್ಲಿ ಇರೋದೇ ಇಲ್ಲ, ಅದು ಎನ್‌ಸಿಎಎ ಕಾಲೇಜಿನವರಿಗೆ ಮಾತ್ರ. ಸೀಸನ್ ಮುಗಿದ ಮೇಲೆ ಪೋರ್ಟಲಲ್ಲಿ ಯಾರು ಬರ್ತಾರೆ ನೋಡೋಣ ಅಂತ ಕೋಚ್ ಎರಡು ಮೂರು ಸೀಟು ಖಾಲಿ ಇಟ್ಕೊಂಡ್ರೆ, ಅಷ್ಟು ದಿನ ಜೂಕೋ ಪಿಚರ್‌ಗೆ "ನೋಡೋಣ" ಅನ್ನೋ ಉತ್ತರವೇ ಗತಿ.

ಈಗ ಎರಡೂ ಸುದ್ದಿ ಪಕ್ಕ ಪಕ್ಕ ಇಟ್ಟು ನೋಡಿ. ಪಾವಿಯಾ ಥರದ ವಿನಾಯಿತಿಯಿಂದ ಆಗಲೇ ನಾಲ್ಕು ವರ್ಷದ ಕಾಲೇಜು ಸೇರಿರೋ ಜೂಕೋ ಹುಡುಗಿಗೆ ಇನ್ನೊಂದು ವರ್ಷ ಸಿಗತ್ತೆ. ಅವಳು ಉಳಿದ್ಲು ಅಂದ್ರೆ 25ರಲ್ಲಿ ಒಂದು ಸೀಟು ಖಾಲಿ ಆಗಲಿಲ್ಲ. ಆ ಸೀಟಿಗೆ ಕಾಯ್ತಿದ್ದೋಳು ಅವಳ ಹಳೇ ಜೂಕೋದಲ್ಲೇ ಎರಡನೇ ವರ್ಷ ಆಡ್ತಿರೋ ಹುಡುಗಿ ಆಗಿರಬಹುದು. ಅಕ್ಕನಿಗೆ ಸಿಕ್ಕ ನ್ಯಾಯಕ್ಕೆ ತಂಗಿ ಬೆಲೆ ತೆತ್ತ ಹಾಗಾಯ್ತು. ಪಾವಿಯಾ ಕೇಳಿದ್ದು ತಪ್ಪು ಅಂತ ನನಗೆ ಅನಿಸಲ್ಲ, ಆದ್ರೆ ಸೀಟಿನ ಸಂಖ್ಯೆ ಕಟ್ಟಿಹಾಕಿ ವರ್ಷ ಮಾತ್ರ ಹೆಚ್ಚು ಮಾಡಿದ್ರೆ ಪೆಟ್ಟು ಬೀಳೋದು ಸಾಲಿನ ಕೊನೆಯಲ್ಲಿ ನಿಂತವರಿಗೆ.

ನಿಜವಾದ ಬೀಗ ಟ್ರಾನ್ಸ್‌ಕ್ರಿಪ್ಟಲ್ಲಿದೆ

ಸೀಟು ಸಿಕ್ತು ಅಂತಲೇ ಇಟ್ಕೊಳ್ಳೋಣ. ಇಲ್ಲಿಂದ ಶುರುವಾಗೋದನ್ನ ಪೇಪರಿನವರು ಬರೆಯೋದೇ ಕಡಿಮೆ.

ಹೈಸ್ಕೂಲ್ ಮುಗಿಸೋವಾಗ 16 ಕೋರ್ ವಿಷಯಗಳನ್ನ 2.3 ಜಿಪಿಎ (ಗ್ರೇಡುಗಳ ಸರಾಸರಿ) ಜೊತೆ ಪಾಸು ಮಾಡಿದೋಳನ್ನ ಡಿವಿಷನ್ ಒಂದರಲ್ಲಿ ಕ್ವಾಲಿಫೈಯರ್ ಅಂತಾರೆ. ಅವಳು ಜೂಕೋದಲ್ಲಿ ಒಂದು ಪೂರ್ತಿ ಸೆಮಿಸ್ಟರ್ ಓದಿ, ಸೆಮಿಸ್ಟರಿಗೆ ಸರಾಸರಿ 12 ಟ್ರಾನ್ಸ್‌ಫರ್ ಆಗೋ ಕ್ರೆಡಿಟ್, 2.5 ಜಿಪಿಎ ಇಟ್ಕೊಂಡಿದ್ರೆ ಬರಬಹುದು. ಕ್ವಾಲಿಫೈಯರ್ ಆಗದೇ ಇದ್ದೋಳಿಗೆ ದಾರಿ ಉದ್ದ: ಜೂಕೋ ಡಿಗ್ರಿಯನ್ನೇ ಮುಗಿಸ್ಬೇಕು, ಮೂರು ಪೂರ್ತಿ ಸೆಮಿಸ್ಟರ್ ಆಗಿರ್ಬೇಕು, 48 ಟ್ರಾನ್ಸ್‌ಫರ್ ಕ್ರೆಡಿಟ್ ಬೇಕು, ಅದರೊಳಗೆ ಇಂಗ್ಲಿಷ್ 6, ಗಣಿತ 3, ವಿಜ್ಞಾನ 3. ಜಿಪಿಎ ಅದೇ 2.5. ಹದಿನೇಳನೇ ವಯಸ್ಸಲ್ಲಿ ಒಂದು ಗಣಿತದ ಪೇಪರು ಕೈಕೊಟ್ಟಿದ್ದು ಇಪ್ಪತ್ತನೇ ವಯಸ್ಸಿನ ತನಕ ಬೆನ್ನು ಹತ್ತಿ ಬರತ್ತೆ.

ಇಷ್ಟು ಮುಗೀತಾ ಅಂದ್ರೆ ಇಲ್ಲ. ಮೂರನೇ ವರ್ಷಕ್ಕೆ ಕಾಲಿಡೋ ಹೊತ್ತಿಗೆ, ಹೊಸ ಕಾಲೇಜಲ್ಲಿ ತಗೊಳ್ಳೋ ಡಿಗ್ರಿಯ ಶೇಕಡಾ 40 ಭಾಗ ಮುಗಿದಿರ್ಬೇಕು ಅನ್ನೋದು ಡಿವಿಷನ್ ಒಂದರ ಇನ್ನೊಂದು ನಿಯಮ. ಒಬ್ಬ ಕ್ಯಾಚರ್ ಹುಡುಗಿಯ ಟ್ರಾನ್ಸ್‌ಕ್ರಿಪ್ಟ್, ಅಂದ್ರೆ ಎಲ್ಲಾ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು, ಹೀಗಿದೆ ಅಂತ ಕಲ್ಪಿಸಿಕೊಳ್ಳಿ. ನಾಲ್ಕು ಸೆಮಿಸ್ಟರ್, ಒಟ್ಟು 62 ಕ್ರೆಡಿಟ್, ಜಿಪಿಎ 3.1. ಮನೆಯವರೆಲ್ಲಾ ಖುಷಿ. ಹೊಸ ಕಾಲೇಜಿನ ಆಫೀಸಲ್ಲಿ ಒಬ್ರು ಒಂದೊಂದು ಸಾಲಿಗೂ ಟಿಕ್ ಹಾಕ್ತಾ ಬರ್ತಾರೆ. ಮೊದಲ ಸೆಮಿಸ್ಟರಿನ ಬೇಸಿಕ್ ಆಲ್‌ಜಿಬ್ರಾ 3, ಬೇಸಿಕ್ ರೈಟಿಂಗ್ 3, ಇವು ಕಾಲೇಜು ಮಟ್ಟಕ್ಕಿಂತ ಕೆಳಗಿನ ತಯಾರಿ ಕ್ಲಾಸು, ಟ್ರಾನ್ಸ್‌ಫರ್ ಆಗಲ್ಲ. ಉಳೀತು 56. ನಾಲ್ಕು ಸೆಮಿಸ್ಟರಿಗೆ 12ರಂತೆ 48 ಸಾಕು, ಮೊದಲ ಗೇಟು ದಾಟಿದ್ಲು. ಈಗ ಅವಳು ತಗೊಳ್ತಿರೋದು ಬಯಾಲಜಿ ಡಿಗ್ರಿ. ಜೂಕೋದಲ್ಲಿ ಪ್ರಾಕ್ಟೀಸ್ ಟೈಮಿಗೆ ಹೊಂದತ್ತೆ ಅಂತ ತಗೊಂಡಿದ್ದ ಕ್ರಿಮಿನಲ್ ಜಸ್ಟಿಸ್ ಮೂರು ಕ್ಲಾಸು, 9 ಕ್ರೆಡಿಟ್, ಆ ಡಿಗ್ರಿಗೆ ಬೇಕಾಗಿಲ್ಲ. ಟೀಮಿನವರೆಲ್ಲಾ ತಗೊಂಡಿದ್ದ ಕಂಡೀಷನಿಂಗ್ ಕ್ಲಾಸು 2, ಅದೂ ಬೇಕಾಗಿಲ್ಲ. ಉಳೀತು 45. ಡಿಗ್ರಿಗೆ 120 ಕ್ರೆಡಿಟ್, ಅದರ 40 ಪರ್ಸೆಂಟು 48. ಮೂರು ಕ್ರೆಡಿಟ್ ಕಮ್ಮಿ. ಒಂದೇ ಒಂದು ಕ್ಲಾಸು.

ಆ ಒಂದು ಕ್ಲಾಸಿಗೆ ಎರಡು ದಾರಿ. ಬೇಸಿಗೆಯಲ್ಲಿ ಬಯಾಲಜಿಗೆ ಬೇಕಾದ ಒಂದು ವಿಷಯ ತಗೊಂಡು ಸೆಮಿಸ್ಟರ್ ಶುರುವಾಗೋದ್ರೊಳಗೆ ಗ್ರೇಡು ಬಂದು ಸೇರೋ ಹಾಗೆ ನೋಡ್ಕೊಳ್ಳೋದು. ಇಲ್ಲಾಂದ್ರೆ ಕ್ರಿಮಿನಲ್ ಜಸ್ಟಿಸ್ ಕ್ರೆಡಿಟ್ ಹೊಂದೋ ಯಾವುದಾದ್ರೂ ಸಾಮಾನ್ಯ ಡಿಗ್ರಿಗೆ ಮೇಜರ್ ಬದಲಾಯಿಸೋದು. ಎರಡನೇದು ಸುಲಭ, ಅದಕ್ಕೇ ಎಷ್ಟೋ ಹುಡುಗಿಯರು ಅದನ್ನೇ ಮಾಡ್ತಾರೆ, ಫಿಸಿಯೋಥೆರಪಿಸ್ಟ್ ಆಗ್ಬೇಕು ಅಂತ ಬಂದೋಳು ಇನ್ಯಾವುದೋ ಡಿಗ್ರಿ ಹಿಡ್ಕೊಂಡು ಹೋಗ್ತಾಳೆ. ಆಟದ ಎರಡು ಸೀಸನ್ ಉಳಿಸಿಕೊಳ್ಳೋಕೆ ನಲವತ್ತು ವರ್ಷದ ಕೆಲಸ ಬಿಟ್ಟುಕೊಡೋ ಪರಿಸ್ಥಿತಿ ಬರಬಾರದು. ನನಗೆ ಈ ಇಡೀ ಗೊಂದಲದಲ್ಲಿ ಬಹಳ ನೋವಾಗೋದು ಇದೊಂದೇ ಕಡೆ.

ರಾಜ್ಯದಿಂದ ರಾಜ್ಯಕ್ಕೆ ಇದು ಬದಲಾಗತ್ತೆ. ಟೆಕ್ಸಸ್‌ನಲ್ಲಿ 42 ಕ್ರೆಡಿಟಿನ ಕೋರ್ ಇದೆ, ಅದನ್ನ ಒಂದು ಸರ್ಕಾರಿ ಕಾಲೇಜಲ್ಲಿ ಮುಗಿಸಿದ್ರೆ ಇನ್ನೊಂದು ಸರ್ಕಾರಿ ಕಾಲೇಜು ಒಪ್ಕೊಳ್ಳಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ಅನ್ನೋ ವೆಬ್‌ಸೈಟಲ್ಲಿ ಯಾವ ಜೂಕೋದ ಯಾವ ಕ್ಲಾಸು ಯಾವ ಯೂನಿವರ್ಸಿಟಿಯಲ್ಲಿ ಯಾವುದಕ್ಕೆ ಸಮ ಅಂತ ಸಾಲು ಸಾಲಾಗಿ ಸಿಗತ್ತೆ. ತೊಂದರೆ ಆಗೋದು ರಾಜ್ಯ ದಾಟಿದಾಗ, ಸಾಫ್ಟ್‌ಬಾಲ್ ಹುಡುಗಿಯರು ದಾಟೋದೂ ಜಾಸ್ತಿ. ಕೋಚ್ ಕರೆದಿದ್ದು ಒಕ್ಲಹೋಮಾಗೆ, ಕ್ಲಾಸು ಆರಿಸಿಕೊಂಡಿದ್ದು ಕ್ಯಾಲಿಫೋರ್ನಿಯಾದ ಪಟ್ಟಿ ನೋಡಿ.

ಬೇರೆ ಬಾಗಿಲುಗಳು

ಎಲ್ಲರೂ ಡಿವಿಷನ್ ಒಂದನ್ನೇ ನೋಡ್ತಾರೆ. ಡಿವಿಷನ್ ಎರಡರಲ್ಲಿ ಗಡಿಯಾರ ಬೇರೆ ಥರ ಓಡತ್ತೆ: ಐದು ಕ್ಯಾಲೆಂಡರ್ ವರ್ಷ ಅಲ್ಲ, ಹತ್ತು ಪೂರ್ತಿ ಸೆಮಿಸ್ಟರ್. ಒಂದು ಸೆಮಿಸ್ಟರ್ ಓದು ನಿಲ್ಲಿಸಿ ಕೆಲಸಕ್ಕೆ ಹೋದೋಳಿಗೆ ಆ ಗಡಿಯಾರ ನಿಲ್ಲತ್ತೆ, ಡಿವಿಷನ್ ಒಂದರಲ್ಲಾದ್ರೆ ಹಾಗೇ ಓಡ್ತಾ ಇರತ್ತೆ. ಡಿವಿಷನ್ ಎರಡರಲ್ಲಿ ಟೀಮಿಗೆ 7.2 ಸ್ಕಾಲರ್‌ಶಿಪ್, ಅದನ್ನೇ ಹಂಚ್ಬೇಕು. ಡಿವಿಷನ್ ಮೂರರಲ್ಲಿ ಆಟದ ಸ್ಕಾಲರ್‌ಶಿಪ್ ಇಲ್ಲ, ಓದಿನ ಮೇಲೆ, ಮನೆಯ ಆದಾಯದ ಮೇಲೆ ಸಿಗೋ ಸಹಾಯ ಇರತ್ತೆ. ಎನ್‌ಎಐಎ ಅನ್ನೋ ಬೇರೆ ಸಂಸ್ಥೆಯ ಸಣ್ಣ ಕಾಲೇಜುಗಳೂ ಸ್ಕಾಲರ್‌ಶಿಪ್ ಕೊಡ್ತವೆ, ಜೂಕೋದವರನ್ನ ಬಹಳ ತಗೊಳ್ತವೆ, ಹೌಸ್ ರಾಜಿಯ 25ರ ಗೆರೆ ಅವರಿಗೆ ಅನ್ವಯಿಸಲ್ಲ.

ಭಾರತದಿಂದ ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಇನ್ನೊಂದು ಎಚ್ಚರ. ಸ್ಕಾಲರ್‌ಶಿಪ್ ತಗೊಳ್ಳೋದಕ್ಕೆ ತೊಂದರೆ ಇಲ್ಲ, ಆದ್ರೆ ಜಾಹೀರಾತು, ಕಾಲೇಜು ಹಂಚೋ ದುಡ್ಡು, ಇವು ಕೆಲಸದ ಸಂಪಾದನೆ ಅಂತ ಲೆಕ್ಕ ಆದ್ರೆ ವೀಸಾಗೇ ಕುತ್ತು. ಸಹಿ ಹಾಕೋ ಮುಂಚೆ ಇಮಿಗ್ರೇಷನ್ ಲಾಯರ್ ಹತ್ರ ಕೇಳಲೇಬೇಕು.

ಮುಂದೇನಾಗಬಹುದು

ಎನ್‌ಸಿಎಎ ಒಳಗೇ ಐದು ವರ್ಷಕ್ಕೆ ಐದು ಸೀಸನ್ ಕೊಟ್ಟುಬಿಡೋಣ ಅನ್ನೋ ಮಾತು ಜೋರಾಗಿ ನಡೆದಿದೆ, ಆಗ ಕೋರ್ಟು ಕೇಸುಗಳೂ ಕಮ್ಮಿ ಆಗ್ತವೆ ಅನ್ನೋ ಲೆಕ್ಕ. ಹಾಗಾದ್ರೆ ಜೂಕೋದಲ್ಲಿ ಎರಡು ಆಡಿದೋಳಿಗೆ ಮೇಲೆ ಮೂರು ಸೀಸನ್ ಸಿಗತ್ತೆ, ಕೋಚ್‌ಗೂ ಅವಳನ್ನ ತಗೊಳ್ಳೋಕೆ ಉತ್ಸಾಹ ಜಾಸ್ತಿ, ಎರಡು ವರ್ಷಕ್ಕೆ ಹೋಗಿಬಿಡೋಳಿಗಿಂತ ಮೂರು ವರ್ಷ ಇರೋಳು ಲೇಸು ಅಲ್ವಾ. ಆದ್ರೆ ಎಲ್ಲರೂ ಒಂದೊಂದು ವರ್ಷ ಹೆಚ್ಚು ಉಳಿದ್ರೆ 25ರ ಟೀಮಲ್ಲಿ ವರ್ಷಕ್ಕೆ ಖಾಲಿ ಆಗೋ ಸೀಟು ಸರಾಸರಿ ಆರರಿಂದ ಐದಕ್ಕೆ ಇಳಿಯತ್ತೆ. ಆ ಐದರಲ್ಲಿ ಹೈಸ್ಕೂಲಿನವರು, ಪೋರ್ಟಲಿನವರು, ಜೂಕೋದವರು ಮೂರು ಪಾಲು. ಹೈಸ್ಕೂಲಿಂದ ನೇರ ಜಾಗ ಸಿಗದ ಒಳ್ಳೇ ಹುಡುಗಿಯರು ಜೂಕೋಗೆ ಬರ್ತಾರೆ, ಅಲ್ಲಿನ ಆಟ ಇನ್ನೂ ಗಟ್ಟಿ ಆಗತ್ತೆ, ಆದ್ರೆ ಅಲ್ಲಿಂದ ಮೇಲೆ ಹೋಗೋ ಬಾಗಿಲು ಇನ್ನಷ್ಟು ಕಿರಿದಾಗತ್ತೆ.

ದುಡ್ಡಿನ ಕಡೆಯಿಂದಲೂ ಒತ್ತಡ ಇದೆ. ಹಂಚೋ ದುಡ್ಡಲ್ಲಿ ದೊಡ್ಡ ಪಾಲು ಗಂಡುಮಕ್ಕಳ ಫುಟ್‌ಬಾಲ್, ಬಾಸ್ಕೆಟ್‌ಬಾಲಿಗೆ ಹೋಗತ್ತೆ. 1972ರ ಟೈಟಲ್ ನೈನ್ ಕಾಯ್ದೆ ಗಂಡು ಹೆಣ್ಣಿಗೆ ಸಮ ಅವಕಾಶ ಅಂತ ಹೇಳತ್ತೆ, ಅದೇ ಆಧಾರದ ಮೇಲೆ ಕೆಲವು ಮಹಿಳಾ ಆಟಗಾರರು ಹೌಸ್ ರಾಜಿಯಲ್ಲಿ ಹಳೇ ಆಟಗಾರರಿಗೆ ಕೊಡೋ ಬಾಕಿ ದುಡ್ಡಿನ ಹಂಚಿಕೆ ವಿರುದ್ಧ 2025ರಲ್ಲೇ ಮೇಲ್ಮನವಿ ಹಾಕಿದ್ರು. ಸಾಫ್ಟ್‌ಬಾಲ್ ಟೀಮಿಗೆ 25 ಸ್ಕಾಲರ್‌ಶಿಪ್ ಕೊಡೋಕೆ ಅನುಮತಿ ಇರೋದು ಬೇರೆ, ಕಾಲೇಜು ಬಜೆಟ್ಟಲ್ಲಿ ಅಷ್ಟು ದುಡ್ಡು ಇಡೋದು ಬೇರೆ.

ಹಾಗಾಗಿ ಈಗ ಜೂಕೋದ ಮೊದಲ ವರ್ಷದಲ್ಲಿರೋ ಹುಡುಗಿ ಕೋರ್ಟು ತೀರ್ಪಿಗೆ ಕಾಯದೇ ಮಾಡಬಹುದಾದ್ದು ಇದೆ. ಮನಸಲ್ಲಿರೋ ಮೂರು ನಾಲ್ಕು ಕಾಲೇಜಿನ ಡಿಗ್ರಿ ಪಟ್ಟಿ ಈಗಲೇ ತೆಗೆದು, ಮುಂದಿನ ಸೆಮಿಸ್ಟರಿನ ಕ್ಲಾಸು ಅದಕ್ಕೆ ಹೊಂದೋ ಹಾಗೆ ಆರಿಸೋದು. ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಹೆಸರು ನೋಂದಾಯಿಸೋದು. ಕೋಚ್ ಫೋನ್ ಮಾಡಿದಾಗ ಸ್ಕಾಲರ್‌ಶಿಪ್ ಎಷ್ಟು ಅಂತ ಕೇಳೋದ್ರ ಜೊತೆಗೆ ಇನ್ನೂ ಎರಡು ಪ್ರಶ್ನೆ: 25ರಲ್ಲಿ ಮುಂದಿನ ವರ್ಷ ಎಷ್ಟು ಜನ ಉಳೀತಾರೆ, ಮತ್ತೆ ನನ್ನ ಟ್ರಾನ್ಸ್‌ಕ್ರಿಪ್ಟ್ ನಿಮ್ಮ ಆಫೀಸಿನವರು ಸಾಲು ಸಾಲಾಗಿ ನೋಡಿ ಬರಹದಲ್ಲಿ ಉತ್ತರ ಕೊಡೋದು ಯಾವಾಗ. ಎರಡನೇ ಪ್ರಶ್ನೆಗೆ ಉತ್ತರ ಏಪ್ರಿಲ್‌ನಲ್ಲಿ ಬಂದ್ರೆ ಬೇಸಿಗೆ ಕ್ಲಾಸಿಗೆ ಸೇರೋಕೆ ಟೈಮ್ ಇರತ್ತೆ, ಆಗಸ್ಟ್‌ನಲ್ಲಿ ಬಂದ್ರೆ ಇರಲ್ಲ.